ಗ್ರೀನ್‌ಫರ್ಡಿಗೆ ಬಂದ ಕಾಗೆ ಪ್ರವಾದಿ

ಬೇರೆಯವರಿಗೆ ವರ್ಷಕ್ಕೊಂದು ಪೇಚು ಬಂದರೆ ನನಗೆ ಪ್ರತಿ ಭಾನುವಾರ ಬರುತ್ತದೆ, ಯಾಕೆಂದರೆ ಭಾನುವಾರ ನಾನು ಬೊಂಬೆ ಕೊಳ್ಳಲು ಹೋಗುತ್ತೇನೆ. ಸಾಲಿ ಕಲಿತವನಲ್ಲ, ಲಂಡನ್ನಿನ ಗ್ರೀನ್‌ಫರ್ಡಿನ ಗೋದಾಮಿನಲ್ಲಿ ಪೆಟ್ಟಿಗೆ ಹೊತ್ತವನು. ಆದರೆ ಇಂಗ್ಲಿಷರ ಹಳೇ ಪಿಂಗಾಣಿ ಬೊಂಬೆ, ಅದರಲ್ಲೂ ಬೈಬಲ್ಲಿನ ಸಂತರು, ಪ್ರವಾದಿಗಳ ಬೊಂಬೆ ಅಂದರೆ ನನ್ನಂಥ ಪರೀಕ್ಷಕ ಥೇಮ್ಸ್ ನದಿಯ ಈಚೆಗೂ ಇಲ್ಲ, ಆಚೆಗೂ ಇಲ್ಲ.

೧. ನಾಲಿಗೆ ಪರೀಕ್ಷೆ

ಹ್ಯಾರೋದ ಒಂದು ಮೈದಾನದಲ್ಲಿ ಜನ ಕಾರಿನ ಡಿಕ್ಕಿ ತೆರೆದಿಟ್ಟು ಹಳೇ ಸಾಮಾನು ಮಾರುತ್ತಾರೆ. ಅಲ್ಲಿ ಒಬ್ಬ ಇಂಗ್ಲಿಷ್ ಮುದುಕಿಯ ಮುಂದೆ ಗೇಣುದ್ದದ ಬೊಂಬೆ. ಬಂಡೆ ಮೇಲೆ ಕೂತ ಗಡ್ಡದ ಮುದುಕ, ಅಕ್ಕಪಕ್ಕ ಎರಡು ಕಾಗೆ.

“ಪ್ರವಾದಿ ಎಲೈಜಾ. ಬರಗಾಲದಲ್ಲಿ ದೇವರು ಕಾಗೆಗಳ ಕೈಲಿ ಇವನಿಗೆ ರೊಟ್ಟಿ ಕಳಿಸಿದ,” ಅಂದಳು.

ಹಳೇದು ಹೌದೋ ಅಲ್ಲವೋ ನೋಡಬೇಕಲ್ಲ? ಬೇರೆಯವರು ಭೂತಗನ್ನಡಿ ಹಿಡಿಯುತ್ತಾರೆ, ನಾನು ನೆಕ್ಕುತ್ತೇನೆ. ಹಳೇ ಪಿಂಗಾಣಿ ನಾಲಿಗೆಗೆ ಅಂಟುತ್ತದೆ, ಹೊಸದು ಜಾರುತ್ತದೆ. ಕಣ್ಣು ಮುಚ್ಚಿ ಪಾದದಿಂದ ಗಡ್ಡದವರೆಗೆ ನೆಕ್ಕಿದೆ. ಕಣ್ಣು ತೆರೆದರೆ ಮುದುಕಿ ಕಣ್ಣಲ್ಲಿ ನೀರು.

“ಇಷ್ಟು ಭಕ್ತಿ ನಮ್ಮ ಪಾದ್ರಿಗೂ ಇಲ್ಲ,” ಅಂದು ಅರ್ಧ ಬೆಲೆಗೆ ಕೊಟ್ಟಳು.

೨. ಒಲೆ ಆರಿತು

ಮನೆಯಲ್ಲಿ ಹೆಂಡತಿ ಜೋಳದ ರೊಟ್ಟಿ ಬಡಿಯುತ್ತಿದ್ದಳು.

“ಅಯ್ಯ ನಿಮ್ಮ! ಕಾಗಿ ಸಮೇತ ಶನೀನ್ನ ಹೊತಗೊಂಡ ಬಂದೀರಲ್ರೀ!”

“ಶನಿ ಅಲ್ಲ, ಎಲೈಜಾ. ಕಾಗಿ ಇವಗ ರೊಟ್ಟಿ ತಂದು ಹಾಕತಾವು.”

“ಹೌದಾ? ಛಲೋ ಆತು. ಇವತ್ತಿನಿಂದ ನಿಮಗೂ ಅವೇ ಹಾಕಲಿ.” ಒಲೆ ಆರಿಸಿಯೇ ಬಿಟ್ಟಳು.

ಶನಿಯನ್ನು ಯಾರೂ ಮನೆಯೊಳಗೆ ಇಟ್ಟುಕೊಳ್ಳುವುದಿಲ್ಲ, ನಿಜ. ಹಿತ್ತಲಿನ ಶೆಡ್ಡಿನಲ್ಲಿಟ್ಟೆ. “ಶೆಡ್ಡೇನು ನೆರಮನಿಯವರದೇನ್ರೀ?” ಅಂದಳು. ಬೊಂಬೆ ಬಿಡಲಾರೆ, ರೊಟ್ಟಿ ಇಲ್ಲದೆ ಬದುಕಲಾರೆ. ನಾಲ್ಕು ದಿನ ಬ್ರೆಡ್ ತಿಂದೆ. ಐದನೇ ದಿನ ಬೇಲಿ ಮೇಲಿನ ಕಾಗೆಯನ್ನು ಆಸೆಯಿಂದ ನೋಡತೊಡಗಿದೆ.

೩. ಒಂಬತ್ತು ಸುತ್ತು

ಗ್ರೀನ್‌ಫರ್ಡಿನ ಶೆಡ್ಡಿನಲ್ಲಿ ಶನಿ ನೆಲೆಸಿದ್ದಾನೆ ಎಂಬ ಸುದ್ದಿ ಕಿಂಗ್ಸ್‌ಬರಿಯ ಕನ್ನಡಿಗರಿಗೂ ಮುಟ್ಟಿತು. ಶನಿವಾರ ಬೆಳಿಗ್ಗೆ ಮೈಸೂರಿನ ಡಾಕ್ಟರೊಬ್ಬರು ಎಳ್ಳೆಣ್ಣೆ ಬಾಟಲಿ ಹಿಡಿದು ಬಂದರು.

“ಸಾಡೇಸಾತಿ ಸಾರ್. ಡ್ರೈವಿಂಗ್ ಟೆಸ್ಟು ಮೂರು ಸಲ ಹೋಯ್ತು. ಪ್ರದಕ್ಷಿಣೆ ಹಾಕಿ ಹೊರಟುಬಿಡ್ತೀನಿ, ಆಸ್ಪತ್ರೇಲಿ ಯಾರಿಗೂ ಹೇಳ್ಬೇಡಿ.”

ಅವರ ಹಿಂದೆ ಇನ್ನೂ ಹನ್ನೊಂದು ಜನ. ಬೇಲಿಯಾಚೆಯಿಂದ ನೆರೆಮನೆಯ ಇಂಗ್ಲಿಷ್ ಅಜ್ಜಿ ಕೇಳಿದಳು, “ಶೆಡ್ಡಿನ ಸುತ್ತ ಯಾಕೆ ತಿರುಗುತ್ತಿದ್ದಾರೆ?”

“ಶೆಡ್ಡು ಬಾಡಿಗೆಗೆ ಇದೆ. ನಮ್ಮವರು ಮೊದಲು ಒಂಬತ್ತು ಸಲ ಹೊರಗಿಂದ ನೋಡುತ್ತಾರೆ,” ಅಂದೆ.

ಅಜ್ಜಿ ನಿಟ್ಟುಸಿರು ಬಿಟ್ಟಳು. “ನಾನೂ ಈ ಮನೆ ಕೊಳ್ಳುವಾಗ ಹಾಗೇ ನೋಡಬೇಕಿತ್ತು.”

೪. ಹಸಿರು ಬಣ್ಣ

ಬಂದವರಲ್ಲಿ ವಿಜಯಪುರದ ಒಬ್ಬಾಕೆ ನೈವೇದ್ಯಕ್ಕೆ ಜೋಳದ ರೊಟ್ಟಿ ತಂದಿದ್ದಳು. ಶೆಡ್ಡಿನ ಹಿಂದೆ ಕೂತು ಮೂರು ಮುಗಿಸಿದ್ದೆ, ಹೆಂಡತಿ ನೋಡಿಬಿಟ್ಟಳು.

“ಆಕಿ ಬಡದ ರೊಟ್ಟಿ ಅಂದ್ರ ಕಂಬಳಿ! ಅದನ್ನ ತಿಂದು ನನ್ನ ಮಾನ ಕಳದ್ರಲ್ರೀ!”

ಬೊಂಬೆ ಎತ್ತಿಕೊಂಡು ಒಳಗೆ ಹೋದಳು. ಒಡೆದೇ ಬಿಡುತ್ತಾಳೆ ಅಂತ ಓಡಿಹೋಗಿ ನೋಡಿದರೆ, ಈಚೆಗೆ ಲಂಡನ್ನಿನ ಮರಗಳಲ್ಲೆಲ್ಲ ಸೇರಿಕೊಂಡು ನಮ್ಮ ಹಿತ್ತಲಲ್ಲೂ ಕಿರುಚುವ ಗಿಳಿಗಳನ್ನು ನೋಡಿ ನೋಡಿ, ಕಾಗೆಗಳ ಮೈಗೆ ಹಸಿರು ಉಗುರುಬಣ್ಣ, ಕೊಕ್ಕಿಗೆ ಕೆಂಪು ಬಳಿಯುತ್ತಿದ್ದಾಳೆ!

“ಶನಿಗೆ ಗಿಳಿ ಇರೂದಿಲ್ಲ. ಇನ್ನ ಮನಿಯೊಳಗ ಇರಲಿ. ಕೈ ತೊಳಕೊಳ್ರಿ, ರೊಟ್ಟಿ ಬಡೀತೀನಿ.”

ಅವತ್ತು ನಾನು ತಿಂದದ್ದು ಹದಿನೇಳು.

ಮುಂದಿನ ವಾರ ನನ್ನ ಸಂಗ್ರಹ ನೋಡಲು ಒಬ್ಬ ಬಿಳಿ ಪಂಡಿತ ಬಂದ. ಭೂತಗನ್ನಡಿ ಹಿಡಿದು ಹತ್ತು ನಿಮಿಷ ಗಿಳಿಗಳ ಮೇಲೇ ಆಡಿಸಿದ.

“ಈ ಬೊಂಬೆ ನೂರೈವತ್ತು ವರ್ಷದ್ದು. ಈ ಗಿಳಿಗಳು ಲಂಡನ್ನಿಗೆ ಬಂದದ್ದು ನಿನ್ನೆ ಮೊನ್ನೆ. ಇದು ಹೇಗೆ ಸಾಧ್ಯ?”

“ಸಾಹೇಬರೇ,” ಅಂದೆ, “ಮುಂದಾಗುವುದು ಮೊದಲೇ ಕಾಣದಿದ್ದರೆ ಅವನನ್ನು ಪ್ರವಾದಿ ಅಂತ ಯಾರು ಕರೆಯುತ್ತಿದ್ದರು?”