ಮಾವನ ರೇಡಿಯೋ ಮಾತಾಡಿದ್ದು

ರೇಡಿಯೋ ರಿಪೇರಿಗೆ ಈಗ ಬರುವವರೇ ಕಡಿಮೆ. ಬಂದವರು ಮಾತ್ರ ರೇಡಿಯೋ ಜೊತೆಗೆ ಒಂದು ಪ್ರಾಣಸಂಕಟವನ್ನೂ ಹೊತ್ತು ತರುತ್ತಾರೆ. ಕನಕಪುರ ಬಸ್ ಸ್ಟ್ಯಾಂಡ್ ಎದುರಿನ ನನ್ನ ಅಂಗಡಿಗೆ ಮೊನ್ನೆ ಮರಳವಾಡಿಯ ರೇಷ್ಮೆ ರೈತರೊಬ್ಬರು ಓಡಿ ಬಂದರು. ಮಾವ ಕೊಟ್ಟಿದ್ದ ಹಳೇ ರೇಡಿಯೋವನ್ನು ಕೈಜಾರಿ ಕೆಡವಿದ್ದರು. ಮಾವ ಆಗಲೇ ಕುದೂರಿನಿಂದ ಇವರ ಮನೆಗೆಂದು ಹೊರಟಾಗಿತ್ತು.

“ಮನೆಗೆ ಬಂದ್ರೆ ನೀರು ಕುಡಿಯೋಕ್ ಮೊದ್ಲು ರೇಡಿಯೋ ಹಾಕ್ತಾರೆ ಸಾರ್. ಕೆಡಿಸ್ಬುಟ್ಟೆ ಅಂತ ಗೊತ್ತಾದ್ರೆ ಮಗಳನ್ನ ಕರ್ಕೊಂಡು ಹೊಂಟೋಯ್ತಾರೆ!”

ಗುಂಯ್

ಬಿಚ್ಚಿ, ವಾಲ್ಯೂಮ್ ಕಂಟ್ರೋಲಿಗೆ ಬೆರಳು ತಾಗಿಸಿದೆ. ಗುಂಯ್ ಎಂದಿತು. “ಬಂತು, ಬಂತು!” ಎಂದು ಅವರು ಎದ್ದೇ ನಿಂತರು.

“ಇದು ಸ್ಟೇಷನ್ ಅಲ್ಲ. ಸುತ್ತಲ ಕರೆಂಟಿನ ಸದ್ದು ನನ್ನ ಮೈಯಿಂದ ಒಳಗೆ ಹೋಗಿ ದೊಡ್ಡದಾಗ್ತಿದೆ. ಸ್ಪೀಕರ್ ಕಡೆಯ ಆಂಪ್ಲಿಫೈಯರ್ ಚೆನ್ನಾಗಿದೆ ಅಂತ ಅರ್ಥ” ಎಂದೆ.

“ಅಷ್ಟಿದ್ರೆ ಸಾಕು, ಮುಚ್ಚಿ ಕೊಟ್ಬುಡಿ. ನಮ್ಮ ಮಾವಂಗೆ ಕಿವಿ ಒಸಿ ಮಂದ.”

ಚಾಕಿ

ನನಗೆ ರೇಗಿತು. ಆದರೂ ಅವರ ಭಾಷೆಯಲ್ಲೇ ಹೇಳಿದೆ. ಗಾಳಿಯಲ್ಲಿ ಬರುವ ಸಿಗ್ನಲ್ ಈಗಷ್ಟೇ ಮೊಟ್ಟೆಯಿಂದ ಹೊರಬಂದ ರೇಷ್ಮೆ ಹುಳದ ಹಾಗೆ. ರೇಡಿಯೋದೊಳಗಿನ ಮೊದಲ ಹಂತದಲ್ಲಿ ಒಂದಿಷ್ಟು ಬೆಳೆಯುತ್ತದೆ, ಮುಂದಿನದರಲ್ಲಿ ಇನ್ನಷ್ಟು. ಸ್ಪೀಕರಿಗೆ ಬರುವ ಹೊತ್ತಿಗೆ ಬಲಿತ ಹುಳ. ಇಲ್ಲಿ ಮರಿಯೇ ಒಳಗೆ ಬರುತ್ತಿಲ್ಲ.

“ಎಳೆಹುಳ ಸಾಕೋ ಚಾಕಿ ಕೆಲಸಾನ ಈಗ ಯಾರು ಮನೇಲಿ ಮಾಡ್ತಾರೆ ಸಾರ್? ನಾವೇ ಚಾಕಿ ಸೆಂಟರಿಂದ ತರೋದು. ನೀವೂ ಬೆಳೆದಿರೋದನ್ನೇ ತಂದು ಹಾಕ್ಬುಡಿ!”

ಬೆರಳು

ಕೊನೆಗೆ ಸಿಗ್ನಲ್ ಹಿಡಿಯುವ ಏರಿಯಲ್‌ನ ಕೂದಲೆಳೆಯಂಥ ತಂತಿ ತುಂಡಾಗಿದ್ದು ಸಿಕ್ಕಿತು. “ಇದಾ?” ಎಂದು ಅವರು ಬೆರಳಿಟ್ಟರು. ರೇಡಿಯೋ ಹಾಡತೊಡಗಿತು! ಅವರ ಮೈಯೇ ಏರಿಯಲ್ ಆಗಿತ್ತು. ಬೆರಳು ತೆಗೆದರೆ ಗಪ್‌ಚುಪ್.

ಬೆಸುಗೆ ಹಾಕುವ ಕಡ್ಡಿ ಇನ್ನೂ ಬಿಸಿಯಾಗುತ್ತಿತ್ತು. ಅಷ್ಟರಲ್ಲಿ ಬಸ್ಸಿಳಿದ ಮಾವ, ಅಳಿಯನನ್ನು ಕಂಡು ಅಂಗಡಿಯೊಳಗೇ ಬಂದರು.

“ಏನ್ ಅಳಿಮಯ್ಯ, ನನ್ ರೇಡಿಯೋಗೆ ಏನಾಯ್ತು?”

“ಏನಿಲ್ಲ ಮಾವ, ಒಸಿ ಧೂಳು ತೆಗೆಸ್ತಾ ಇವ್ನಿ. ಹಾಡ್ತಾ ಐತಲ್ಲ!” ಬೆರಳು ಅಲ್ಲೇ ಇತ್ತು.

ಮಾವ ಕದಲಲಿಲ್ಲ. ಅಳಿಯ ಇನ್ನೂ ಕಾಲಿಗೆ ಬಿದ್ದಿರಲಿಲ್ಲ. ಬಿದ್ದರೆ ರೇಡಿಯೋ ಬಾಯಿ ಮುಚ್ಚುತ್ತದೆ, ಬೀಳದಿದ್ದರೆ ಮಾವ ಬಾಯಿ ತೆರೆಯುತ್ತಾರೆ. ಆ ಪುಣ್ಯಾತ್ಮ, ಬೆರಳಿಟ್ಟ ರೇಡಿಯೋವನ್ನು ಹಾಗೇ ಅವುಚಿಕೊಂಡು ಬಗ್ಗಿ, ಇನ್ನೊಂದು ಕೈಯಲ್ಲಿ ಮಾವನ ಪಾದ ಹಿಡಿದರು. ಎರಡು ಮೈ ಸೇರಿ ಏರಿಯಲ್ ದೊಡ್ಡದಾಯಿತು. ಹಾಡು ಅಂಗಡಿಯೆಲ್ಲ ಮೊಳಗಿತು.

ಮಾವನ ಕಣ್ಣಲ್ಲಿ ನೀರು. ನನ್ನ ಕಡೆ ತಿರುಗಿ ಹೇಳಿದರು: “ನೋಡಿದ್ರಾ ಸ್ವಾಮಿ, ಕೊಟ್ಟು ಇಷ್ಟ್ ವರ್ಸ ಆದ್ರೂವೆ ಹಳೇ ಯಜಮಾನನ್ನ ಗುರ್ತು ಹಿಡೀತು!”