ಹೋಟೆಲು ನೋಡುವ ಶಾಸ್ತ್ರ

ಮಧುಗಿರಿಯ ಸಣ್ಣ ನೀರಾವರಿ ಕಚೇರಿಯ ಗುಮಾಸ್ತ ಭೀಮರಾಜುವಿನ ಮೇಲೆ ದೂರು ಹೇಳುವವರು ಯಾರಾದರೂ ಇದ್ದರೆ ಅವರು ಹೇಳುವುದು ಒಂದೇ ಮಾತು: ಮನುಷ್ಯ ಕೂತಲ್ಲೇ ತೇಲಿಹೋಗುತ್ತಾನೆ. ಪಾಪ, ತೇಲದೆ ಇನ್ನೇನು ಮಾಡಿಯಾನು? ಇಪ್ಪತ್ತೆಂಟು ವರ್ಷದಿಂದ ತಾಲ್ಲೂಕಿನ ಕೆರೆಗಳಲ್ಲಿ ಎಷ್ಟು ಅಡಿ ನೀರಿದೆ ಎಂದು ದೊಡ್ಡ ಪುಸ್ತಕದಲ್ಲಿ ಬರೆಯುವುದೇ ಅವನ ಕೆಲಸ. ಬಹುಪಾಲು ವರ್ಷ ಬರೆಯುವುದಕ್ಕೆ ಒಂದೇ ಅಂಕಿ ಸಾಕಾಗುತ್ತಿತ್ತು, ಅದೂ ದುಂಡಗಿನದು. (ಎರಡು ಸಲ ಕೆರೆಗಳೆಲ್ಲ ತುಂಬಿ ಕೋಡಿ ಬಿದ್ದದ್ದು ನಿಜ. ಒಂದು ಸಲ ಅವನಿಗೆ ಚಿಕೂನ್‌ಗುನ್ಯ, ಇನ್ನೊಂದು ಸಲ ಚುನಾವಣೆ ಡ್ಯೂಟಿ.)

ಇಂಥವನ ಕಣ್ಣಿಗೆ ಒಂದು ದಿನ ಮಗಳು ಸಂಘಮಿತ್ರಾಳ ಮೊಬೈಲಿನಲ್ಲಿ ಕೇರಳದ ಆಲಪ್ಪುಳ ಬಿತ್ತು. ಊರ ತುಂಬ ಕಾಲುವೆ. ನಮ್ಮಲ್ಲಿ ಟೊಮೊಟೊ ಗಾಡಿ ಬಂದ ಹಾಗೆ ಅಲ್ಲಿ ಮನೆ ಮೆಟ್ಟಿಲಿಗೆ ದೋಣಿ ಬರುತ್ತದೆ. ಹೆಂಗಸರು ಹಿತ್ತಲ ಬಾಗಿಲು ತೆಗೆದು ಅಲ್ಲೇ ಕೂತು ಪಾತ್ರೆ ತೊಳೆಯುತ್ತಾರೆ. ಭೀಮರಾಜು ಅಂದಿನಿಂದ ಮಧುಗಿರಿಯಲ್ಲಿ ಇರುವುದನ್ನು ಬಿಟ್ಟ ಎಂದೇ ಹೇಳಬೇಕು. ಬಸ್‌ಸ್ಟ್ಯಾಂಡಿನ ಕಡೆ ನಡೆದರೆ ರಸ್ತೆ ಮೆಲ್ಲಗೆ ಕರಗಿ ಹಸಿರು ನೀರಾಗುತ್ತಿತ್ತು. ಪಾವಗಡದ ಬಸ್ಸು ದೋಣಿಯಂತೆ ವಾಲಾಡುತ್ತ ಬರುತ್ತಿತ್ತು. ಊರ ನೆತ್ತಿಯ ಅಷ್ಟು ದೊಡ್ಡ ಬಂಡೆಬೆಟ್ಟ ಆ ನೀರಿನಲ್ಲಿ ತಲೆಕೆಳಗಾಗಿ ಸಣ್ಣಗೆ ಅಲುಗುತ್ತಿತ್ತು.

ಅವನಿಗೆ ಬೇಕಾಗಿದ್ದದ್ದು ಬಹಳ ಏನಲ್ಲ. ಕಾಲುವೆ ಪಕ್ಕದ ಒಂದು ಹೋಟೆಲಿನಲ್ಲಿ ಮಲಗಬೇಕು, ಬೆಳಗ್ಗೆ ಎದ್ದು ಕಿಟಕಿ ತೆಗೆದರೆ ನೀರು ಕಾಣಬೇಕು, ನೀರಿನ ಬೆಳಕು ಸೂರಿನ ಮೇಲೆ ಆಡಬೇಕು. ಐವತ್ತನಾಲ್ಕು ವರ್ಷಕ್ಕೆ ಮೊದಲ ಸಲ ತನಗಾಗಿ ಒಂದು ಆಸೆಪಟ್ಟಿದ್ದ.

ಮದುವೆಯಾಗಿ ಇಪ್ಪತ್ತಮೂರು ವರ್ಷದಲ್ಲಿ ಈ ಸಂಸಾರ ಊರು ಬಿಟ್ಟದ್ದೆಲ್ಲ ನೆಂಟರ ಮದುವೆಗೆ, ನಾಮಕರಣಕ್ಕೆ, ತಿಥಿಗೆ. ಮಲಗಿದ್ದೆಲ್ಲ ನೆಂಟರ ಹಾಲಿನಲ್ಲಿ, ಚಾಪೆಯ ಮೇಲೆ, ಇನ್ನೊಬ್ಬರ ಮಗುವಿನ ಕಾಲಿನ ಕೆಳಗೆ. ಹಾಗಾಗಿ ಭೀಮರಾಜು ದಸರಾ ರಜೆಗೆ ಹೋಟೆಲಿನಲ್ಲಿ ಉಳಿಯೋಣ ಎಂದದ್ದು ಆ ಮನೆಗೇ ಹೊಸ ಮಾತು.

"ಹೋಟ್ಲಲ್ಲಿ ಇಡ್ಲಿ ತಿಂತಾರೆ, ಮಲಗ್ತಾರೇನ್ಲಾ?" ಎಂದಳು ಅವನ ತಾಯಿ ದಾಸಮ್ಮ. "ನೀರು ನೋಡಕ್ಕೆ ಅಷ್ಟು ದೂರ ಯಾಕೆ ಹೋಗ್ಬೇಕು? ಗುರುವಾರ ನಲ್ಲಿ ಬತ್ತದಲ್ಲ, ನಿಂತ್ಕಂಡು ನೋಡು."

ಹೆಂಡತಿ ಲೋಹಿತಾ ಬಡವನಹಳ್ಳಿಯ ಶಾಲೆಯಲ್ಲಿ ಮೇಡಂ. ಅವಳು ಬೇಡ ಎನ್ನಲಿಲ್ಲ. "ಹೋಗೋಣ ಕಣ್ರೀ. ಆದ್ರೆ ಅತ್ತೆಗೆ ಮಂಡಿನೋವು, ಮೆಟ್ಲಿರಬಾರ್ದು. ಬಿಸಿನೀರು ಬೆಳಗ್ಗೆ ಐದಕ್ಕೇ ಬರ್ಬೇಕು. ಬಚ್ಚಲು ಥಳಥಳ ಅನ್ಬೇಕು. ಹೊದಿಕೇಲಿ ಬೇರೆಯವ್ರ ವಾಸನೆ ಇರಬಾರ್ದು. ಅಂಥಾದ್ದು ನೀವೇ ಹುಡುಕಿ," ಎಂದಳು.

ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂದ ಹಿರಿಯರು ಹೋಟೆಲು ಆರಿಸಿ ನೋಡು ಎನ್ನುವುದನ್ನು ಮರೆತಿದ್ದಾರೆ. ಭೀಮರಾಜು ಮೂರು ತಿಂಗಳು ಆರಿಸಿದ. ಆರಿಸುವುದು ಎಂದರೆ ಬೇರೆಯವರ ಹಾಗಲ್ಲ, ಪ್ರತಿಯೊಂದು ಹೋಟೆಲಿನ ಫೋಟೊದೊಳಗೂ ಒಂದೊಂದು ವಾರ ವಾಸ ಮಾಡಿದ. ಒಂದರಲ್ಲಿ ಸೊಳ್ಳೆ ಎಂದು ಯಾರೋ ಬರೆದಿದ್ದರಿಂದ ಕಚೇರಿಯಲ್ಲಿ ಕೂತೇ ಕೈ ಕೆರೆದುಕೊಂಡ. ಇನ್ನೊಂದರ ಮಂಚ ಕಿರುಗುಟ್ಟುತ್ತದೆ ಎಂದು ಓದಿದ ರಾತ್ರಿ ತನ್ನ ಮಂಚದಲ್ಲೇ ಅಲುಗದೆ ಮಲಗಿದ. ಕೊನೆಗೆ ಸಿಕ್ಕಿತು, ಅಮ್ಮಿಣಿ ಭವನ. ನೆಲಮಹಡಿ ಕೋಣೆ, ನೀಲಿ ಕಿಟಕಿ, ಕಿಟಕಿಯಾಚೆ ಕಾಲುವೆ. ಫೋನು ಮಾಡಿದರೆ ಮಾಲೀಕ ಕನ್ನಡದಲ್ಲೇ ಮಾತಾಡಿದ. ಹನ್ನೆರಡು ವರ್ಷ ತುಮಕೂರಿನ ಒಂದು ಬೇಕರಿಯಲ್ಲಿ ಇದ್ದವನಂತೆ. ಅಮ್ಮಿಣಿ ಅವನ ಹೆಂಡತಿಯ ಹೆಸರು. ಭೀಮರಾಜುವಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಅಷ್ಟರಲ್ಲಿ ಪಾವಗಡದಿಂದ ಲೋಹಿತಾಳ ಸೋದರಮಾವ ದೊಡ್ಡಹನುಮಯ್ಯ ಬಂದಿಳಿದ. ಈತನ ಬಗ್ಗೆ ಎರಡು ಮಾತು ಹೇಳಲೇಬೇಕು. ನೋಡುವುದರಲ್ಲಿ ಈತ ಎತ್ತಿದ ಕೈ. ನೆಂಟರಿಷ್ಟರ ಮಕ್ಕಳಿಗಾಗಿ ಈವರೆಗೆ ನಲವತ್ತೊಂದು ಹೆಣ್ಣು ನೋಡಿದ್ದಾನೆ, ಗಂಡು ಹದಿನೆಂಟು, ಎತ್ತುಗಳಿಗೆ ಲೆಕ್ಕವಿಲ್ಲ. ಈತ ನೋಡದೆ ಆ ವಂಶದಲ್ಲಿ ಒಂದು ಮೇಕೆಯೂ ಮನೆ ಬದಲಾಯಿಸಿಲ್ಲ.

ಭೀಮರಾಜು ಹೆಮ್ಮೆಯಿಂದ ಫೋಟೊ ತೋರಿಸಿದ. ಮಾವ ಕನ್ನಡಕ ಏರಿಸಿ, ಇಳಿಸಿ, ಮೊಬೈಲನ್ನು ಮಗುಚಿ ಹಿಂದುಗಡೆಯನ್ನೂ ನೋಡಿದ. ಆಮೇಲೆ ತನ್ನ ಪಾವಗಡದ ತೆಲುಗು ಬೆರೆಸಿ ಅಳಿಯನಿಗೆ ಹೇಳಿದ.

"ಫೋಟೊ ನೋಡಿ ಒಪ್ಕಂಡ ಯಾವ ಸಂಬಂಧ ಉದ್ಧಾರ ಆಗೈತೆ ಅಲ್ಲುಡೂ? ಸೂಡಕುಂಡಾ, ಕಣ್ಣಾರೆ ನೋಡದೆ, ಏನೂ ಒಪ್ಕಬಾರ್ದು."

"ಮಾವ, ಇದು ಹೋಟ್ಲು. ಹೆಣ್ಣಲ್ಲ."

"ಹೆಣ್ಣಾದ್ರೆ ನಮ್ಮನೆಗೆ ಬತ್ತಾಳೆ. ಇಲ್ಲಿ ನಾವೇ ಹೋಗಿ ಅವರ ಮನೇಲಿ ಮಲಗ್ಬೇಕು. ಇನ್ನೂ ಜಾಸ್ತಿ ನೋಡ್ಬೇಕು."

ದಾಸಮ್ಮನಿಗೆ ಈ ಮಾತು ಬಲು ಹಿಡಿಸಿತು. "ಅದೇ ಕಣಣ್ಣ ನಾನೂ ಹೇಳಿದ್ದು," ಎಂದಳು, ಹೇಳದೆ ಇದ್ದರೂ. ಲೋಹಿತಾಳೂ ತಲೆಯಾಡಿಸಿದಳು. ಗಂಡಸರಿಗೆ ಬಚ್ಚಲು ನೋಡುವುದಕ್ಕೆ ಬರುವುದಿಲ್ಲ, ಹೆಂಗಸರೂ ಹೋಗಲೇಬೇಕು ಎಂದಳು. ಹೀಗೆ ಕಾಫಿ ಆರುವುದರೊಳಗೆ ತೀರ್ಮಾನವಾಯಿತು: ರಜೆ ಶುರುವಾದ ಕೂಡಲೇ ಹಿರಿಯರು ಹೋಗಿ ಮೂರು ದಿನ ಹೋಟೆಲು ನೋಡಿ ಬರುವುದು, ಒಪ್ಪಿಗೆಯಾದರೆ ಉಳಿದ ರಜೆಯಲ್ಲಿ ಎಲ್ಲರೂ ಒಟ್ಟಿಗೆ ಹೋಗುವುದು.

"ಹಾಗಾದ್ರೆ ನಾನೂ ಬರ್ತೀನಿ," ಎಂದ ಭೀಮರಾಜು.

ಮಾವ ನಕ್ಕ. "ಮೊದಲ್ನೇ ಸಲಕ್ಕೆ ಗಂಡು ಹೋಗೋ ಪದ್ಧತಿ ನಮ್ಮಲ್ಲಿ ಉಂಟೇನಯ್ಯ?"

"ಇದ್ರಲ್ಲಿ ಗಂಡು ಯಾರು?"

"ಆಸೆಪಟ್ಟೋನು ಯಾವನೋ ಅವನೇ ಗಂಡು. ಆಸೆಪಟ್ಟೋನಿಗೆ ಕಣ್ಣು ಕಾಣಾಕಿಲ್ಲ, ಕಂಡದ್ದನ್ನೆಲ್ಲ ಒಪ್ಕಂಬುಡ್ತಾನೆ. ಅಲ್ದೆ ನೋಡಕ್ಕೆ ಹೋಗೋರು ಬೆಸ ಇರ್ಬೇಕು. ನಾನು, ನಮ್ಮ ಬಸವಮ್ಮ, ನಿಮ್ಮಮ್ಮ, ಲೋಹಿತಾ, ಮಗು. ಐದಾಯ್ತು. ನೀನು ಬಂದ್ರೆ ಆರಾಗೋಯ್ತದೆ."

ಬಸವಮ್ಮ ಆತನ ಹೆಂಡತಿ. ಈ ಪ್ರವಾಸದ ಸುದ್ದಿ ಆಕೆಗೆ ಇನ್ನೂ ಗೊತ್ತೇ ಇರಲಿಲ್ಲ, ಆದರೂ ಭೀಮರಾಜುವಿನ ಜಾಗದಲ್ಲಿ ಆಗಲೇ ಕೂತಾಗಿತ್ತು. ಭೀಮರಾಜು ಮಗಳ ಮುಖ ನೋಡಿದ. "ಮೂರೇ ದಿನ ಅಪ್ಪಾ," ಎಂದು ಅವಳು ಹೊಸ ಟೋಪಿ ಹುಡುಕುವುದಕ್ಕೆ ಎದ್ದುಹೋದಳು.

ಮಾವ ಹೊರಡುವಾಗ ಇನ್ನೊಂದು ಶಾಸ್ತ್ರ ಹೇಳಿದ. "ಒಪ್ಪಿಗೆ ಆಗೋಗಂಟ ಅಲ್ಲಿ ಕಾಫಿ, ತಿಂಡಿ ಅಷ್ಟೇಯ. ಊಟಕ್ಕೆ ಕೂತ್ವಿ ಅಂದ್ರೆ ಒಪ್ಪಿದಂಗೆ."

ಐದು ಜನ ಹೋದರು. ಭೀಮರಾಜು ಒಬ್ಬನೇ ಮನೆಯಲ್ಲಿ ಉಳಿದ. ನಿಜ ಹೇಳಬೇಕೆಂದರೆ ಮೊದಲ ಎರಡು ದಿನ ಅವನು ಸುಖವಾಗಿಯೇ ಇದ್ದ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದು ಮಂಚದ ಮೇಲೆ ಬಿದ್ದುಕೊಂಡು ಮೇಲೆ ನೋಡುತ್ತಿದ್ದರೆ ಫ್ಯಾನಿನ ನೆರಳು ಸೂರಿನ ಮೇಲೆ ಅಲೆಯಲೆಯಾಗಿ ಹರಿಯುತ್ತಿತ್ತು. ಬೀದಿಯಲ್ಲಿ ಸೊಪ್ಪಿನವಳು ಕೂಗಿದರೆ ದೋಣಿಯಿಂದ ಕೂಗಿದ ಹಾಗೆ ಕೇಳುತ್ತಿತ್ತು. ಆಗ ಫೋನು ಬಂತು.

"ಲೇ ಭೀಮ, ಮೀನಿನ ಸಾರು ಮಾಡವ್ರೆ ಕಣ್ಲಾ," ಎಂದಳು ದಾಸಮ್ಮ. "ತೆಂಗಿನಕಾಯಿ ಹಾಕಿ. ಮೂರು ಸಲ ಇಕ್ಕಿಸ್ಕಂಡೆ."

"ಊಟಕ್ಕೆ ಕೂತ್ರೇನಮ್ಮ?"

"ಕೂರ್ದೆ? ನಿಂತ್ಕಂಡು ಉಣ್ತಾರಾ?"

ಊಟಕ್ಕೆ ಕೂತಿದ್ದಾರೆ ಎಂದರೆ ಒಪ್ಪಿಗೆಯಾಗಿದೆ. ಭೀಮರಾಜು ಎದ್ದು ಕೂತ. ಅವತ್ತೇ ಕಚೇರಿಗೆ ಹೋಗಿ ರಜೆ ಚೀಟಿ ಕೊಟ್ಟ. ಎರಡು ಹೊಸ ಬನಿಯನ್ನು, ಒಂದು ಛತ್ರಿ ಕೊಂಡ. ಬ್ಯಾಗು ತುಂಬಿ ಬಾಗಿಲ ಪಕ್ಕದಲ್ಲಿಟ್ಟು ಕಾದ.

ನಾಲ್ಕನೆಯ ದಿನ ಲೋಹಿತಾ ಫೋನು ಮಾಡಿದಳು. ಹೋಟೆಲನ್ನು ಬಿಸಿಲಲ್ಲಿ ನೋಡಿದ್ದಾಯಿತು, ಮಳೆಯಲ್ಲಿ ಹೇಗಿರುತ್ತದೆ ನೋಡಬೇಕಂತೆ, ಮಾವ ಹೇಳಿದರು. ಆರನೆಯ ದಿನ ಮಳೆ ಬಂದು ನಿಂತಿತ್ತು, ಆದರೆ ನೆರೆಹೊರೆಯವರನ್ನು ವಿಚಾರಿಸುವುದು ಬಾಕಿಯಿತ್ತು. ದೋಣಿಯವನನ್ನು ವಿಚಾರಿಸುವುದಕ್ಕೆ ಒಂದು ದಿನ ಪೂರ್ತಿ ದೋಣಿಯಲ್ಲಿ ಹೋಗಬೇಕಾಯಿತು. "ಸುಮ್ನೆ ಅಲ್ಲ ರೀ, ತಿರುಗಿ ತಿರುಗಿ ಸಾಕಾಗಿದೆ. ಎಲ್ಲಾ ನಿಮಗೋಸ್ಕರ," ಎಂದಳು ಲೋಹಿತಾ. ಅವಳ ದನಿ ಎಷ್ಟು ಮೆತ್ತಗೆ, ಎಷ್ಟು ತೃಪ್ತಿಯಿಂದ ಕೂಡಿತ್ತೆಂದರೆ ಭೀಮರಾಜು ಅದನ್ನು ಮದುವೆಯಾದ ಮೇಲೆ ಎರಡೋ ಮೂರೋ ಸಲ ಕೇಳಿದ್ದನಷ್ಟೆ.

ಶಾಲೆ ತೆರೆಯುವ ಹಿಂದಿನ ಸಂಜೆ ಪರೀಕ್ಷಾ ಮಂಡಳಿ ವಾಪಸು ಬಂತು. ಎಲ್ಲರ ಮುಖದಲ್ಲೂ ಎಣ್ಣೆ ಹಚ್ಚಿದ ಹೊಳಪು. ದಾಸಮ್ಮ ಮಂಡಿನೋವು ಮರೆತು ಆಟೋದಿಂದ ಧುಮುಕಿದಳು. ಭೀಮರಾಜು ನೇರ ಮಗಳ ಮೊಬೈಲಿಗೆ ಕೈ ಚಾಚಿದ.

ಇನ್ನೂರ ಹನ್ನೆರಡು ಫೋಟೊ ಇದ್ದವು. ಒಂದರಲ್ಲೂ ನೀರಿರಲಿಲ್ಲ. ನೀಲಿ ಕಿಟಕಿಯ ಮುಂದೆ ಸಾಲಾಗಿ ಐದು ಜನ ನಿಂತಿದ್ದರು. ದೋಣಿಯಲ್ಲಿ ಐದು ಜನ ತುಂಬಿದ್ದರು. ಒಂದರಲ್ಲಿ ಮಾತ್ರ ಕಾಲುವೆಯ ಮೂಲೆ ಕಾಣುವುದರಲ್ಲಿತ್ತು, ಅಲ್ಲಿ ಮಾವ ಬರಿಮೈಯಲ್ಲಿ ನಿಂತು ಹಲ್ಲುಜ್ಜುತ್ತಿದ್ದ.

"ನೀರೆಲ್ಲೇ?" ಎಂದ ಭೀಮರಾಜು.

"ನಮ್ಮ ಹಿಂದೆ ಇದೆಯಲ್ಲ ರೀ," ಎಂದಳು ಲೋಹಿತಾ.

ಮಾವ ಗಂಟಲು ಸರಿಮಾಡಿಕೊಂಡು ತೀರ್ಪು ಹೇಳಿದ. "ಒಪ್ಪಿಗೆ ಅಲ್ಲುಡೂ. ಬಲು ಒಳ್ಳೆ ಮನೆತನ. ನಾವು ನೋಡಿ ಒಪ್ಪಿದ್ದಾಯ್ತು, ಇನ್ನು ಅವರು ನಮ್ಮನೆ ನೋಡಕ್ಕೆ ಬರ್ಬೇಕು. ಅದಾಗದೆ ನಾವು ಇನ್ನೊಂದ್ಸಲ ಅಲ್ಲಿ ಕಾಲಿಕ್ಕಿದ್ರೆ ಮರ್ಯಾದೆಯಲ್ಲ. ಡಿಸೆಂಬರ್‌ಗೆ ಐದು ಜನ ಬತ್ತಾರೆ, ಹೇಳ್ಬಂದೀವ್ನಿ. ನಿನ್ ಕೋಣೆ ಖಾಲಿ ಮಾಡ್ಕೊಡು."

ಭೀಮರಾಜುವಿಗೆ ಅಳು ಬಂತು. ಗಂಡಸು, ಸರ್ಕಾರಿ ನೌಕರ, ಎಲ್ಲರೆದುರು ಅಳುವ ಹಾಗಿಲ್ಲ. ಹೊರಗೆ ಜಗಲಿಗೆ ಹೋಗಿ ಕೂತ. ರಜೆ ಮುಗಿಯಿತು, ಮುಂದಿನ ದಸರಾ ಮಾತಿರಲಿ, ಮುಂದೆಂದಾದರೂ ಆ ಕಿಟಕಿ ತೆಗೆಯುವುದು ಉಂಟೇ ಎಂದು ಅವನಿಗೆ ಗೊತ್ತಾಗಲಿಲ್ಲ. ಕೂತಲ್ಲಿ ತೇಲುವುದಕ್ಕೂ ಆಗಲಿಲ್ಲ.

ಆಗ ಅಮ್ಮಿಣಿ ಭವನದ ಮಾಲೀಕನೇ ಫೋನು ಮಾಡಿದ. ಸುಖವಾಗಿ ತಲುಪಿದರಾ ಎಂದು ವಿಚಾರಿಸಿ, ಸ್ವಲ್ಪ ಹಿಂಜರಿಯುತ್ತ ಹೇಳಿದ: "ಸಾರ್, ನಮ್ಮ ಅಮ್ಮಿಣಿಗೆ ಒಂದೇ ಆಸೆ. ಹುಟ್ಟಿದಾಗಿಂದ ನೀರು ನೋಡಿ ಸಾಕಾಗಿದೆ. ಬೆಳಗ್ಗೆ ಕಿಟಕಿ ತೆಗೆದರೆ ಎಲ್ಲೂ ನೀರು ಕಾಣಬಾರದು, ದೊಡ್ಡ ಒಣ ಬಂಡೆ ಕಾಣಬೇಕು. ಆದರೆ ಈ ಸಲ ಅವಳು ಬರುವಂತಿಲ್ಲ. ಆಸೆಪಟ್ಟವರು ಮೊದಲ ಸಲ ಹೋಗಬಾರದು ಅಂತ ನಿಮ್ಮ ಮಾವ ಹೇಳಿಕೊಟ್ಟಿದ್ದಾರೆ."

ಭೀಮರಾಜು ಜಗಲಿಯಿಂದ ಎದ್ದು ನಿಂತ. ಎಲ್ಲೋ ದೂರದ ನೀರಿನ ಮನೆಯಲ್ಲಿ ತನ್ನ ಹಾಗೆಯೇ ಇನ್ನೊಂದು ಜೀವ ಕೂತಿದೆ. "ಸಾರ್, ನಮ್ಮ ಬೆಟ್ಟದ್ದು ಒಂದು ಫೋಟೊ ಕಳಿಸ್ತೀನಿ, ಅಮ್ಮನವರಿಗೆ ತೋರ್ಸಿ," ಎಂದ. "ಆಗೋದಾದ್ರೆ ನಂಗೂ ಕಾಲುವೇದು ಒಂದು ಕಳಿಸೋಕೆ ಹೇಳಿ. ಯಾರೂ ಅಡ್ಡ ನಿಂತಿರಬಾರ್ದು, ಅಷ್ಟೇ."

ಬೆಳಗ್ಗೆ ಏಳಕ್ಕೆ ಅಮ್ಮಿಣಿಯ ಹೆಸರಿನಲ್ಲೇ ಉತ್ತರ ಬಂತು. ನೀಲಿ ಕಿಟಕಿ ತೆರೆದಿತ್ತು, ಅದರಾಚೆ ನೀರು, ನೀರಿನ ಮೇಲೆ ಎಳೆ ಬಿಸಿಲು, ಒಂದು ಖಾಲಿ ದೋಣಿ. ಮನುಷ್ಯಮಾತ್ರದವರು ಯಾರೂ ಇರಲಿಲ್ಲ. ಭೀಮರಾಜು ಮೊಬೈಲನ್ನು ಮುಖದ ಹತ್ತಿರ ಹಿಡಿದು ನೋಡುತ್ತ ಹೋದ. ಮೆಟ್ಟಿಲಿಳಿದ, ಕಾಲು ಇಳಿಬಿಟ್ಟ, ನೀರು ತಣ್ಣಗಿತ್ತು. ಅವನ ಮುಖದ ಮೇಲೆ ಒಂದು ನಗು ಬಂದು ಕೂತಿತು.

"ಅಮ್ಮಿಣಿ ನಿಮಗ್ಯಾಕ್ರೀ ಫೋಟೊ ಕಳ್ಸಿದ್ದಾಳೆ?"

ಲೋಹಿತಾ ಹಿಂದೆಯೇ ನಿಂತಿದ್ದಳು, ಶಾಲೆಯ ಬ್ಯಾಗು ಹೆಗಲಿಗೆ ಹಾಕಿಕೊಂಡು.

"ಬರೀ ಕಿಟಕಿ ಫೋಟೊ ಕಣೇ..."

"ಇಷ್ಟು ದಿನ ಜೊತೇಲಿದ್ದೆ, ನಂಗೊಂದು ಫೋಟೊ ಕಳ್ಸಿಲ್ಲ. ಮುಖಾನೇ ನೋಡ್ದಿರೋ ನಿಮಗೆ ಬೆಳಬೆಳಗ್ಗೆ ಕಳಿಸ್ತಾಳಾ? ಮಾವ, ಬನ್ನಿ ಇಲ್ಲಿ."

ಮಾವ ಬಂದ. ಹಿಂದೆ ಬಸವಮ್ಮ, ದಾಸಮ್ಮ, ಸಂಘಮಿತ್ರಾ. ಮೊಬೈಲು ಐದು ಕೈ ದಾಟಿತು. ಭೀಮರಾಜು ಹೇಳುವುದನ್ನೆಲ್ಲ ಹೇಳಿದ, ಯಾರೂ ಕೇಳಿಸಿಕೊಳ್ಳಲಿಲ್ಲ.

"ಹಿರೇರು ಮಾತಾಡ್ತಿರುವಾಗ ಗಂಡು ಹಿಂದ್ಲಿಂದ ಫೋಟೊ ತರಿಸ್ಕಂಡ್ರೆ ಆ ಸಂಬಂಧ ಅಲ್ಲಿಗೆ ಮುರೀತು," ಎಂದ ದೊಡ್ಡಹನುಮಯ್ಯ, ಬಹಳ ನೋವಿನಿಂದ. "ಎಂಥಾ ಮನೆತನ, ಕೈತಪ್ಪೋಯ್ತು. ಇನ್ನು ಬೇರೆ ಕಡೆ ನೋಡ್ಬೇಕು."

"ಆಲಪ್ಪುಳದಲ್ಲೇ ನೋಡಣ ಕಣಣ್ಣ, ಮೀನು ಚೆನ್ನಾಗೈತೆ," ಎಂದಳು ದಾಸಮ್ಮ.

ಬೇಸಿಗೆ ರಜೆಗೆ ಎಂದು ಅಲ್ಲೇ ನಿಶ್ಚಯವಾಯಿತು. ಅದೇ ಐದು ಜನ. ಒಂದೇ ಮನೆ ನೋಡಿ ಮೋಸಹೋದದ್ದು ಸಾಕು, ಈ ಸಲ ಕಮ್ಮಿಯೆಂದರೂ ಮೂರು ಹೋಟೆಲು ನೋಡಬೇಕು ಎಂದು ಲೋಹಿತಾ ಹೇಳಿದಳು. ಗಂಡನ ಮೊಬೈಲಿನಿಂದ ಆ ಫೋಟೊ ಅಳಿಸಿ, ಮೊಬೈಲನ್ನು ಅವನ ಕೈಗೆ ಕೊಟ್ಟು, ಸಂಜೆ ತಾನು ಬರುವುದರೊಳಗೆ ಮೂರರ ನಂಬರೂ ಹುಡುಕಿ ಇಟ್ಟಿರಬೇಕು ಎಂದು ಬಸ್ಸಿಗೆ ಹೊರಟಳು.