ಲಾಡಿಯಲ್ಲಿ ಅಳೆದ ಆಕಾಶ

ನನಗೆ ಅನ್ಯಾಯವಾಗಿದೆ, ಅದೂ ನನ್ನ ಮನೆಯ ಪಡಸಾಲೆಯಲ್ಲಿ, ನನ್ನ ಧರ್ಮಪತ್ನಿಯಿಂದಲೇ! ಐನಾಪುರದಲ್ಲಿ ಮೂವತ್ತೊಂದು ವರ್ಷ ಭೂಗೋಳ ಕಲಿಸಿದ ಗಂಡ ಎದುರಿಗೇ ಕುಳಿತಿರುವಾಗ, "ಮುಂಬಯಿಯಿಂದ ಕಾಶಿಗೆ ವಿಮಾನದಾಗ ಎಷ್ಟೊತ್ತೋ?" ಎಂದು ಆಕೆ ಕೇಳಿದ್ದು ಯಾರನ್ನು? ತನ್ನ ತಮ್ಮನನ್ನು!

ಈ ಮಹಾಶಯ ವಿಮಾನ ಏರಿದವನಲ್ಲ. ಬಸ್ಸು ಏರಿದರೇ ಹೊಟ್ಟೆ ತೊಳಸುವುದರಿಂದ ಮಿರಜ ದಾಟಿದವನೂ ಅಲ್ಲ. ಆದರೂ ನಾಲ್ಕು ಎಮ್ಮೆಗಳ ಈ ಒಡೆಯನಿಗೆ ಜಗತ್ತಿನ ಯಾವ ಎರಡು ಊರುಗಳ ನಡುವಿನ ಹಾರಾಟವೂ ಬಾಯಿಪಾಠ! ಇದಕ್ಕೆ ಆತನ ಉಪಕರಣವೇನು ಬಲ್ಲಿರಾ? ಪಾಯಿಜಾಮದ ಲಾಡಿ! ನಮ್ಮ ಶಾಲೆಯವರು ಬೇಡವೆಂದು ಹೊರಗಿಟ್ಟ ಹಳೆಯ ಭೂಗೋಳದ ಗುಂಡೊಂದನ್ನು ಮನೆಗೊಯ್ದು, ಲಾಡಿಗೆ ತಾಸಿಗೊಂದರಂತೆ ಗಂಟು ಹಾಕಿ, ಅದನ್ನು ಊರಿಂದೂರಿಗೆ ಹಿಡಿದು ಎಣಿಸುತ್ತಾನೆ. ದಕ್ಷಿಣ ಅಮೆರಿಕ ನೆಗ್ಗಿರುವುದರಿಂದ ಅಲ್ಲಿಗೆ ಹೋಗುವವರಿಗೆ ಅರ್ಧ ಗಂಟು ಹೆಚ್ಚು!

ಒಮ್ಮೆ ಕಾಗವಾಡದ ದ್ರಾಕ್ಷಿ ವ್ಯಾಪಾರಿಯೊಬ್ಬ ಮುಂಬಯಿಯಿಂದ ಲಂಡನ್ನಿನ ವಿಚಾರ ಕೇಳಿದ. "ಸುಮಾರು ಏಳು ಸಾವಿರದ ಇನ್ನೂರು ಕಿಲೋಮೀಟರ್" ಎಂದೆ. ಆತ ನನ್ನನ್ನು ಬಿಟ್ಟು ಪಕ್ಕದಲ್ಲಿದ್ದ ಮೈದುನನ ಕಡೆ ತಿರುಗಿದ.

"ಮುಂಜಾನೆ ಎಮ್ಮಿ ಹಿಂಡಿ ಹತ್ತ್ರಿ. ಸಂಜಿಗೆ ಹಿಂಡೂದ್ರಾಗ ಇಳೀತೀರಿ."

ವ್ಯಾಪಾರಿ ನನಗೆ ನಮಸ್ಕಾರ ಮಾಡಿದ. ಇವನಿಗೆ ಒಂದು ಪೆಟ್ಟಿಗೆ ದ್ರಾಕ್ಷಿ ಕೊಟ್ಟ. ಬೀಜವಿಲ್ಲದ್ದು! ನಾನು ಗಮನಿಸಿದ್ದೇನೆ.

ಇನ್ನೊಮ್ಮೆ ಚಹಾದಂಗಡಿಯಲ್ಲಿ, ದೂರ ಒಂದೇ ಆದ ಮೇಲೆ ವಿಮಾನ ಹೋಗುವ ಹೊತ್ತೂ ಬರುವ ಹೊತ್ತೂ ಒಂದೇ ಆಗಬೇಕೆಂದು ಶಾಸ್ತ್ರೋಕ್ತವಾಗಿ ವಾದಿಸಿದೆ.

"ಮಾಮಾ, ಉಗಾರಕ್ಕ ಎದುರು ಗಾಳ್ಯಾಗ ಸೈಕಲ್ ತುಳದಿದ್ರಿ. ಅವತ್ತ ನಿಮ್ಮ ಧೋತರ ಎಲ್ಲಿತ್ತು ನೆನಪೈತೇನ್ರಿ?" ಎಂದ ಮೈದುನ.

ಹನ್ನೊಂದು ಮಂದಿ ನಕ್ಕರು. ಅವರಲ್ಲಿ ಒಂಬತ್ತು ಮಂದಿಯನ್ನು ಭೂಗೋಳದಲ್ಲಿ ಪಾಸು ಮಾಡಿದವನು ನಾನು!

ಇಂಥವನನ್ನು ನನ್ನ ಹೆಂಡತಿ ಕೇಳಿದಾಗ ಸುಮ್ಮನಿರಲೇ? "ಸಾವಿರದ ಇನ್ನೂರೈವತ್ತು ಕಿಲೋಮೀಟರ್!" ಎಂದು ಗುಡುಗಿದೆ.

"ಅಲ್ರಿ, ನಾ ಎಷ್ಟು ದೂರ ಹೋಗ್ತೀನಿ ಅಂತ ನೀವು ಹೇಳ್ತೀರಿ. ಅವ ಎಷ್ಟೊತ್ತಿಗೆ ಮುಟ್ತೀನಿ ಅಂತ ಹೇಳ್ತಾನ."

ಭಜನಾ ಮಂಡಳಿಯ ಹೆಂಗಸರೊಡನೆ ಆಕೆ ಹೊರಟೇಹೋದಳು. ಮದುವೆಯಾದಂದಿನಿಂದ ನನ್ನನ್ನು ಬಿಟ್ಟು ಅಷ್ಟು ದೂರ ಹೋದವಳಲ್ಲ. ವಿಮಾನ ಏರುವ ಮುಂಜಾನೆ ಮೈದುನ ಭೂಗೋಳವನ್ನು ಕಂಕುಳಲ್ಲಿಟ್ಟುಕೊಂಡು ಬಂದು, ಕರೆಯದೆಯೇ ನನ್ನ ಪಕ್ಕದಲ್ಲಿ ಕುಳಿತ. ನಾನು ಪತ್ರಿಕೆ ಓದಿದೆ. ಅದೇ ಪುಟವನ್ನು ಮತ್ತೆ ಓದಿದೆ. ನರ್ಮದೆ, ವಿಂಧ್ಯ, ಅಕ್ಷಾಂಶ, ರೇಖಾಂಶ ಎಲ್ಲವೂ ನನಗೆ ಗೊತ್ತು. ಆಕೆಗೆ ಕಿಟಕಿಯ ಕಡೆ ಜಾಗ ಸಿಕ್ಕಿತೋ, ಹೆದರಿ ಪಕ್ಕದವಳ ಕೈ ಹಿಡಿದಿದ್ದಾಳೋ, ಅದು ಮಾತ್ರ ಗೊತ್ತಿರಲಿಲ್ಲ.

"ಲೇ, ಈಗ ಎಲ್ಲಿದ್ದಾಳೋ?" ಎಂದು ಕೊನೆಗೆ ನಾನೇ ಕೇಳಿಬಿಟ್ಟೆ.

ಆತ ನಗಲಿಲ್ಲ. ಲಾಡಿಯ ಮೇಲೆ ಬೆರಳು ಸರಿಸಿದ. "ಜಬಲಪುರದ ಮ್ಯಾಲ ಅದಾಳ್ರಿ ಮಾಮಾ. ಇನ್ನ ಮುಕ್ಕಾಲ ತಾಸ. ಕಾಳಜಿ ಮಾಡಬ್ಯಾಡ್ರಿ. ತಿರಗಿ ಬುಧವಾರ ಸಂಜಿ ಐದಕ್ಕ ಮುಂಬಯ್ಯಾಗ ಇಳೀತಾಳ. ಅಕ್ಕ ನನಗ ಹೇಳೇ ಹೋಗ್ಯಾಳ."

ಬುಧವಾರವೆಂಬುದು ನನಗೆ ಗೊತ್ತಿತ್ತು. ಐದು ಗಂಟೆ ಗೊತ್ತಿರಲಿಲ್ಲ.

ಆದ್ದರಿಂದ ಕಾಶಿಯಲ್ಲಿರುವ ನನ್ನ ಹೆಂಡತಿಯನ್ನು ಕೇಳುತ್ತೇನೆ: ಬರುವ ಹೊತ್ತನ್ನು ತಮ್ಮನಿಗೆ ಹೇಳಿ ಹೋದೆಯಲ್ಲ, ಇಲ್ಲಿ ದಾರಿ ಕಾಯುತ್ತ ಕುಳಿತವನು ಯಾರು?